ಅಮ್ಮನಿಗೆ ಎಷ್ಟು ದಿನ ರಜೆ?

ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ 28 ದಿನ, ಒಂದೇ ಸಲಕ್ಕೆ 14 ದಿನ ಮೀರುವಂತಿಲ್ಲ. ಅಮೆರಿಕದ ಮಾಜಿ ಸೈನಿಕರ ಇಲಾಖೆಯಲ್ಲಿ ವರ್ಷಕ್ಕೆ 30 ದಿನ. ಅದೇ ದೇಶದ ಮೆಡಿಕೇರ್ ಹಾಸ್ಪಿಸ್ ಯೋಜನೆಯಲ್ಲಿ ಒಂದು ಸಲಕ್ಕೆ 5 ದಿನ. ಓದುವಾಗ ಆಫೀಸಿನ ಎಚ್‌ಆರ್ ಪೋರ್ಟಲ್ ತೆಗೆದು ಲೀವ್ ಬ್ಯಾಲೆನ್ಸ್ ನೋಡಿದ ಹಾಗೆ ಅನ್ನಿಸುತ್ತೆ ಅಲ್ವಾ? ಹೆಚ್ಚುಕಮ್ಮಿ ಅದೇ. ಆದರೆ ಇದು ಸಂಬಳಕ್ಕೆ ದುಡಿಯುವವರ ರಜೆ ಅಲ್ಲ. ತೀವ್ರ ಅಂಗವೈಕಲ್ಯ ಇರುವ ಮಗನನ್ನೋ, ತಂಗಿಯನ್ನೋ, ಗಂಡನನ್ನೋ ಮನೆಯಲ್ಲಿ ನೋಡಿಕೊಳ್ಳುವವರಿಗೆ ಸಿಗುವ ಬಿಡುವು. ಆ ದಿನಗಳಲ್ಲಿ ಅವರ ಮನೆಯ ವ್ಯಕ್ತಿ ಬೇರೆ ಒಂದು ಮನೆಯಲ್ಲಿ ಉಳಿಯುತ್ತಾನೆ. ಊಟ, ಔಷಧ, ಸ್ನಾನ, ರಾತ್ರಿ ಮಗ್ಗುಲು ಬದಲಿಸುವುದು ಎಲ್ಲವನ್ನೂ ಅಲ್ಲಿನ ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಬಿಲ್ಲು ಹೆಚ್ಚಿನಂಶ ಸರ್ಕಾರದ್ದು. ಇಂಗ್ಲಿಷಿನಲ್ಲಿ ಇದಕ್ಕೆ ರೆಸ್ಪೈಟ್ ಅಂತಾರೆ.

ಇಂಥದ್ದೊಂದು ರಜೆ ಇರಬೇಕು ಅಂತ ಮೊದಲು ಯಾರಿಗೆ ಹೊಳೆಯಿತು, ಅದಕ್ಕೆ ದುಡ್ಡು ಕೊಡಲು ಸರ್ಕಾರಗಳು ಹೇಗೆ ಒಪ್ಪಿದವು ಅನ್ನೋ ಕಥೆ ನನ್ನನ್ನು ಬಹಳ ದಿನ ಹಿಡಿದುಕೊಂಡಿತ್ತು. ನಮ್ಮ ಬಂಧುಬಳಗದ ಮದುವೆಗಳಲ್ಲಿ ಒಂದು ವಿಷಯ ಗಮನಿಸಿ ನೋಡಿ. ಕೆಲವು ದಂಪತಿ ಯಾವತ್ತೂ ಜೋಡಿಯಾಗಿ ಬರುವುದಿಲ್ಲ. ಮುಹೂರ್ತಕ್ಕೆ ಚಿಕ್ಕಪ್ಪ ಬಂದರೆ ರಿಸೆಪ್ಶನ್ನಿಗೆ ಚಿಕ್ಕಮ್ಮ. ಯಾರೂ ಏನೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಮನೆಯಲ್ಲಿ ಒಬ್ಬ ಇದ್ದಾನೆ, ಅವನ ಜೊತೆ ಒಬ್ಬರು ಇರಲೇಬೇಕು. ಹಾಗೇ ಮೂವತ್ತು ವರ್ಷ ಕಳೆದುಹೋಗಿರುತ್ತದೆ.

ಕಥೆ ಶುರುವಾಗುವುದು ಬಿಡುವಿನಿಂದ ಅಲ್ಲ, ಬಿಟ್ಟುಬರುವುದರಿಂದ. ಇಪ್ಪತ್ತನೇ ಶತಮಾನದ ನಡುವಿನವರೆಗೂ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮೂರೂ ಕಡೆ ಬುದ್ಧಿಮಾಂದ್ಯತೆಯ ಮಗು ಹುಟ್ಟಿದರೆ ಡಾಕ್ಟರು ಕೊಡುತ್ತಿದ್ದ ಸಲಹೆ ಸಾಮಾನ್ಯವಾಗಿ ಒಂದೇ: ದೊಡ್ಡಾಸ್ಪತ್ರೆಗೆ ಸೇರಿಸಿ, ಮರೆತುಬಿಡಿ, ಇನ್ನೊಂದು ಮಗು ಮಾಡಿಕೊಳ್ಳಿ. ಸೇರಿಸಿದ ಜಾಗಗಳು ಹೇಗಿದ್ದವು ಅನ್ನುವುದಕ್ಕೆ ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿದ್ದ ವಿಲೋಬ್ರೂಕ್ ಸಂಸ್ಥೆಯ ಉದಾಹರಣೆ ಸಾಕು. ಸುಮಾರು 4,000 ಜನರಿಗೆ ಅಂತ ಕಟ್ಟಿದ ಜಾಗದಲ್ಲಿ 6,000ಕ್ಕೂ ಹೆಚ್ಚು ಜನ ಇದ್ದರು. 1965ರಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಹೋಗಿ ನೋಡಿ, ಹಾವಿನ ಗುಂಡಿಗೆ ಹೋಲಿಸಿದರು. ಆಮೇಲೂ ಏಳು ವರ್ಷ ಏನೂ ಆಗಲಿಲ್ಲ. 1972ರಲ್ಲಿ ಜೆರಾಲ್ಡೊ ರಿವೇರಾ ಎಂಬ ಯುವ ಟಿವಿ ವರದಿಗಾರ ಕ್ಯಾಮೆರಾ ಹಿಡಿದು ಒಳಗೆ ನುಗ್ಗಿದ. ಬಟ್ಟೆ ಇಲ್ಲದೆ ನೆಲದ ಮೇಲೆ ಕೂತ ಮಕ್ಕಳನ್ನು ಇಡೀ ದೇಶ ಊಟದ ಟೇಬಲ್ಲಿನಿಂದ ನೋಡಿತು. ಪೋಷಕರು ಕೋರ್ಟಿಗೆ ಹೋದರು, 1975ರಲ್ಲಿ ಒಪ್ಪಂದದ ತೀರ್ಪು ಬಂತು, 1987ರಲ್ಲಿ ಸಂಸ್ಥೆ ಮುಚ್ಚಿತು.

ಇಲ್ಲಿಯವರೆಗೆ ಕಥೆ ಎಲ್ಲರಿಗೂ ಇಷ್ಟವಾಗುವಂಥದ್ದು. ಕೆಟ್ಟ ಸಂಸ್ಥೆ ಮುಚ್ಚಿತು, ಮಕ್ಕಳು ಮನೆಗೆ ಬಂದರು. ಸರಿ, ಆಮೇಲೆ? ಸಂಸ್ಥೆಯಲ್ಲಿ ಮೂರು ಪಾಳಿಯಲ್ಲಿ ನಡೆಯುತ್ತಿದ್ದ ಕೆಲಸ, ಎಷ್ಟೇ ಕೆಟ್ಟದಾಗಿ ನಡೆದಿರಲಿ, ಈಗ ಒಬ್ಬಳೇ ಅಮ್ಮನ ತಲೆಯ ಮೇಲೆ ಬಂತು. ಪಾಳಿ ಬದಲಾಗುವುದಿಲ್ಲ. ಅಮೆರಿಕದಲ್ಲಿ ರೆಸ್ಪೈಟ್ ಅನ್ನೋದು ಒಂದು ಸೇವೆಯಾಗಿ ರೂಪುಗೊಂಡದ್ದು 1970ರ ದಶಕದ ಈ ಹೊತ್ತಿನಲ್ಲಿಯೇ. ಅಲ್ಲಲ್ಲಿ ಪೋಷಕರ ಸಂಘಗಳು, ಚರ್ಚುಗಳು ವಾರಾಂತ್ಯಕ್ಕೆ ಮಕ್ಕಳನ್ನು ನೋಡಿಕೊಳ್ಳಲು ಶುರು ಮಾಡಿದವು. ದುಡ್ಡು ಮಾತ್ರ ಯಾರದ್ದೂ ಅಲ್ಲ.

ಆ ದುಡ್ಡು ಬಂದ ದಾರಿ ವಿಚಿತ್ರವಾಗಿದೆ. ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್ ಊರಿನಲ್ಲಿ 1978ರ ಮಾರ್ಚಿನಲ್ಲಿ ಕೇಟಿ ಬೆಕೆಟ್ ಹುಟ್ಟಿದಳು. ಐದು ತಿಂಗಳ ಕೂಸಾಗಿದ್ದಾಗ ಮೆದುಳಿನ ಸೋಂಕು ತಗುಲಿ, ಉಸಿರಾಟಕ್ಕೆ ವೆಂಟಿಲೇಟರ್ ಬೇಕಾಯಿತು. ಮೂರು ವರ್ಷ ಆಸ್ಪತ್ರೆಯೇ ಮನೆ. ಖಾಸಗಿ ವಿಮೆಯ ಹಣ ಮುಗಿದ ಮೇಲೆ ಸರ್ಕಾರದ ಮೆಡಿಕೇಡ್ ಬಿಲ್ಲು ಕಟ್ಟತೊಡಗಿತು. ಅಷ್ಟರಲ್ಲಿ ಮಗುವನ್ನು ಮನೆಯಲ್ಲೇ ನೋಡಿಕೊಳ್ಳಬಹುದು ಅಂತ ಡಾಕ್ಟರುಗಳು ಹೇಳಿದರು. ಮನೆಯಲ್ಲಿ ಖರ್ಚೂ ಎಷ್ಟೋ ಪಾಲು ಕಡಿಮೆ. ಆದರೆ ನಿಯಮ ಏನಿತ್ತು ಅಂದರೆ, ಮಗು ಆಸ್ಪತ್ರೆಯಲ್ಲಿದ್ದರೆ ಅಪ್ಪ ಅಮ್ಮನ ಆದಾಯ ಲೆಕ್ಕಕ್ಕಿಲ್ಲ, ಸರ್ಕಾರ ಪೂರ್ತಿ ಕಟ್ಟುತ್ತದೆ. ಮನೆಗೆ ಬಂದ ದಿನವೇ ಆ ಆದಾಯ ಲೆಕ್ಕಕ್ಕೆ ಬಂದು, ಸಹಾಯ ನಿಂತುಹೋಗುತ್ತದೆ. ಅಂದರೆ ದುಬಾರಿ ಜಾಗದಲ್ಲಿಟ್ಟರೆ ಪುಕ್ಕಟೆ, ಅಗ್ಗದ ಜಾಗದಲ್ಲಿಟ್ಟರೆ ಸಾಲ.

1981ರ ನವೆಂಬರಿನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಈ ಮಗುವಿನ ಕಥೆ ಹೇಳಿದರು. ಸರ್ಕಾರಿ ನಿಯಮಗಳು ಎಷ್ಟು ಮೂರ್ಖ ಅಂತ ತೋರಿಸುವುದು ಅವರ ಉದ್ದೇಶ. ಡಿಸೆಂಬರಿನಲ್ಲಿ ಕೇಟಿ ಮನೆಗೆ ಬಂದಳು. ಮುಂದಿನ ವರ್ಷ ಬಂದ ಕಾನೂನಿನಿಂದ ಅಂಥ ಮಕ್ಕಳಿಗೆಲ್ಲ ರಾಜ್ಯಗಳು ಅದೇ ಅವಕಾಶ ಕೊಡಬಹುದು ಅಂತಾಯಿತು. ಇವತ್ತಿಗೂ ಅದನ್ನು ಅಲ್ಲಿನ ಪೋಷಕರು ಅವಳ ಹೆಸರಿನಿಂದಲೇ ಕರೆಯುತ್ತಾರೆ. ಅವಳ ತಾಯಿ ಜೂಲಿ ಬೆಕೆಟ್ ಬದುಕಿನುದ್ದಕ್ಕೂ ಇಂಥ ಕುಟುಂಬಗಳ ಪರವಾಗಿ ಓಡಾಡಿದರು. ಕೇಟಿ ತಾನೂ ದನಿ ಎತ್ತುವವಳಾಗಿ ಬೆಳೆದು, 34 ವರ್ಷ ಬದುಕಿದಳು.

ನನಗೆ ಇದಕ್ಕಿಂತ ಕುತೂಹಲ ಅನ್ನಿಸಿದ್ದು ಅದೇ 1981ರ ಆಗಸ್ಟಿನಲ್ಲಿ ಪಾಸಾಗಿದ್ದ ಬಜೆಟ್ ಕಾನೂನು. ರೇಗನ್ ಸರ್ಕಾರ ಬಡವರ ಯೋಜನೆಗಳಿಗೆ ಕತ್ತರಿ ಹಾಕಿದ ಕುಖ್ಯಾತ ಕಾನೂನು ಅದು. ಅದರೊಳಗೇ ಒಂದು ಸೆಕ್ಷನ್ ಸೇರಿಕೊಂಡಿತ್ತು: ನರ್ಸಿಂಗ್ ಹೋಮಿಗೆ ಸೇರಬೇಕಾದ ಸ್ಥಿತಿಯಲ್ಲಿರುವ ಜನರನ್ನು ಮನೆಯಲ್ಲೇ ಇಟ್ಟುಕೊಂಡರೆ ಆ ಖರ್ಚಿಗೂ ರಾಜ್ಯಗಳು ಮೆಡಿಕೇಡ್ ದುಡ್ಡು ಬಳಸಬಹುದು, ಆದರೆ ಸಂಸ್ಥೆಯ ಖರ್ಚಿಗಿಂತ ಹೆಚ್ಚಾಗಬಾರದು. ಯಾವ ಯಾವ ಸೇವೆಗೆ ಅನ್ನುವ ಪಟ್ಟಿಯಲ್ಲಿ ರೆಸ್ಪೈಟ್ ಅನ್ನುವ ಪದ ಇದೆ. ಕರುಣೆಯಿಂದ ಬಂದದ್ದಲ್ಲ, ಮಿತವ್ಯಯದ ಲೆಕ್ಕದಿಂದ ಬಂದದ್ದು. ಅಮ್ಮ ಕುಸಿದುಬಿದ್ದರೆ ಮಗುವನ್ನು ಆಸ್ಪತ್ರೆಯಲ್ಲಿ ಇಡಬೇಕಾಗುತ್ತೆ, ಅದು ದುಬಾರಿ. ಆದ್ದರಿಂದ ಅಮ್ಮನಿಗೆ ಎರಡು ದಿನ ನಿದ್ದೆ ಕೊಡಿಸಿ. ಕೇಳಲು ಒರಟಾಗಿದೆ, ಆದರೆ ಕರುಣೆ ನೂರು ವರ್ಷದಲ್ಲಿ ಮಾಡದ ಕೆಲಸವನ್ನು ಈ ಲೆಕ್ಕ ಮಾಡಿತು ಅನ್ನುವುದನ್ನು ಒಪ್ಪಲೇಬೇಕು.

ಆ ಯೋಜನೆಯ ನಿಯಮಾವಳಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮನೆಯಲ್ಲಿರುವ ವ್ಯಕ್ತಿಯ ಆರೈಕೆಗೆ ದುಡ್ಡು ಕೊಡ್ತೀವಿ, ಆದರೆ ಅವನ ಊಟಕ್ಕೆ, ಬಾಡಿಗೆಗೆ ಕೊಡಲ್ಲ ಅನ್ನುವುದು ಸಾಮಾನ್ಯ ನಿಯಮ. ಅದಕ್ಕೊಂದು ವಿನಾಯಿತಿ ಇದೆ. ಯಾರದೋ ಸ್ವಂತ ಮನೆಯಲ್ಲದ, ರಾಜ್ಯದ ಒಪ್ಪಿಗೆ ಪಡೆದ ಕೇಂದ್ರದಲ್ಲಿ ರೆಸ್ಪೈಟಿಗಾಗಿ ಉಳಿದಿದ್ದರೆ ಊಟ ವಸತಿಯ ಖರ್ಚನ್ನೂ ಕೊಡಬಹುದು. ಗುಮಾಸ್ತರ ಭಾಷೆಯ ಈ ಒಂದು ವಾಕ್ಯದ ಮೇಲೆ ಎಷ್ಟೋ ಪುಟ್ಟ ಕೇಂದ್ರಗಳು ನಿಂತಿವೆ. ಹಾಗಂತ ಎಲ್ಲರಿಗೂ ಸಿಕ್ಕಿತು ಅಂದುಕೊಳ್ಳಬೇಡಿ. ಎಷ್ಟು ಜನರಿಗೆ ಕೊಡಬೇಕು ಅನ್ನುವ ಮಿತಿಯನ್ನು ರಾಜ್ಯಗಳೇ ಹಾಕಿಕೊಳ್ಳಬಹುದು. ಹಾಗಾಗಿ ಅಲ್ಲಿ ಕಾಯುವವರ ಪಟ್ಟಿ ಲಕ್ಷಗಳಲ್ಲಿದೆ. ಯಾವ ಪಟ್ಟಿಗೂ ಸೇರದ ಕುಟುಂಬಗಳಿಗೂ ಬಿಡುವು ಸಿಗಲಿ ಅಂತ ಪ್ರತ್ಯೇಕ ಕಾನೂನೊಂದು 2006ರ ಕೊನೆಯಲ್ಲಿ ಬಂತು. ಅದಕ್ಕೆ ಮೊದಲ ಹಣ ಬಿಡುಗಡೆಯಾದದ್ದು 2009ರಲ್ಲಿ.

ಬ್ರಿಟನ್ನಿನ ಕಥೆ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ. 1970ರಲ್ಲಿ ಆಲ್ಫ್ ಮಾರಿಸ್ ಎಂಬ ಸಂಸದ ಖಾಸಗಿ ಮಸೂದೆಯಾಗಿ ತಂದ ಕಾನೂನಿನಲ್ಲಿ, ಅಂಗವೈಕಲ್ಯ ಇರುವವರಿಗೆ ಸ್ಥಳೀಯ ಆಡಳಿತ ಏನೇನು ಒದಗಿಸಬೇಕು ಅಂತ ಪಟ್ಟಿ ಇದೆ. ಮನೆಯಲ್ಲಿ ಸಹಾಯ, ಟೆಲಿಫೋನು, ಊಟ, ಅದರ ಜೊತೆಗೆ ರಜೆಗೆ ಹೋಗಲು ಅನುಕೂಲ! ಗಮನಿಸಿ, ಇಲ್ಲಿ ರಜೆ ಆ ವ್ಯಕ್ತಿಯದು, ನೋಡಿಕೊಳ್ಳುವವರದ್ದಲ್ಲ. ಈ ವ್ಯತ್ಯಾಸ ಮುಂದೆ ದೊಡ್ಡ ಜಗಳಕ್ಕೆ ಕಾರಣವಾಗುತ್ತೆ.

ನೋಡಿಕೊಳ್ಳುವವರ ಪರ ದನಿ ಎತ್ತಿದ್ದು ಮೇರಿ ವೆಬ್‌ಸ್ಟರ್ ಎಂಬ ಅವಿವಾಹಿತ ಪಾದ್ರಿ. ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿದ್ದವರು. 1963ರಲ್ಲಿ ಪತ್ರಿಕೆಗಳಿಗೆ ಪತ್ರ ಬರೆದರು. ನನ್ನಂಥವರು ಎಷ್ಟು ಜನ ಇದ್ದೀರಿ ಅನ್ನೋ ಧಾಟಿಯಲ್ಲಿ. ಉತ್ತರಗಳು ರಾಶಿ ಬಿದ್ದವು. 1965ರಲ್ಲಿ ಅವಿವಾಹಿತ ಮಹಿಳೆಯರ ಪರವಾದ ರಾಷ್ಟ್ರೀಯ ಮಂಡಳಿ ಹುಟ್ಟಿತು. 1976ರಲ್ಲಿ ನೋಡಿಕೊಳ್ಳುವವರಿಗೆ ಒಂದು ಭತ್ಯೆಯೂ ಬಂತು. ಆದರೆ ಮದುವೆಯಾದ ಹೆಂಗಸರಿಗೆ ಇಲ್ಲ. ಕಾರಣ? ಅವರು ಹೇಗಿದ್ದರೂ ಮನೆಯಲ್ಲೇ ಇರ್ತಾರಲ್ಲ! ಇದು ನಮ್ಮ ಯಾವುದೋ ಸೋದರಮಾವ ಆಡಿದ ಮಾತಿನ ಹಾಗಿದ್ದರೂ, ಸರ್ಕಾರದ ಅಧಿಕೃತ ತರ್ಕವೇ ಆಗಿತ್ತು. ತಾಯಿಯನ್ನು ನೋಡಿಕೊಳ್ಳಲು 1984ರಲ್ಲಿ ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಎಂಬ ವಿವಾಹಿತ ಮಹಿಳೆ ಇದನ್ನು ಪ್ರಶ್ನಿಸಿದರು. ಮೊಕದ್ದಮೆ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 1986ರ ಜೂನಿನಲ್ಲಿ ತೀರ್ಪು ಹೊರಬೀಳುವ ಹಿಂದಿನ ದಿನ ಬ್ರಿಟಿಷ್ ಸರ್ಕಾರ ತಾನೇ ನಿಯಮ ಬದಲಿಸುವುದಾಗಿ ಘೋಷಿಸಿತು.

ಇದರ ನಡುವೆ ಆಕ್ಸ್‌ಫರ್ಡಿನಲ್ಲಿ ಒಂದು ಸಣ್ಣ ಸಂಗತಿ ನಡೆದಿತ್ತು. 1978ರಲ್ಲಿ ಹೆಲೆನ್ ಎಂಬ ಪುಟ್ಟ ಮಗುವಿಗೆ ಮೆದುಳಿನ ಗೆಡ್ಡೆಯ ಶಸ್ತ್ರಚಿಕಿತ್ಸೆ ಆಯಿತು. ಪ್ರಾಣ ಉಳಿಯಿತು, ಆದರೆ ಮಗು ತೀವ್ರ ಅಂಗವೈಕಲ್ಯಕ್ಕೆ ಒಳಗಾಯಿತು. ಅಪ್ಪ ಅಮ್ಮ ಮನೆಗೆ ಕರೆದುಕೊಂಡು ಹೋದರು. ಅವರ ಸ್ನೇಹಿತರಾಗಿದ್ದ ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕಾ ಎಂಬ ಸನ್ಯಾಸಿನಿ, ಕೆಲವು ದಿನ ಮಗುವನ್ನು ನಾನು ನೋಡಿಕೊಳ್ತೀನಿ, ನೀವು ನಿದ್ದೆ ಮಾಡಿ ಅಂದರು. ಹೆಲೆನ್ ಆಗಾಗ ಕಾನ್ವೆಂಟಿನಲ್ಲಿ ಅವರ ಜೊತೆ ಉಳಿಯತೊಡಗಿದಳು. ಇದೇ ಅನುಕೂಲ ಬೇರೆ ಕುಟುಂಬಗಳಿಗೂ ಯಾಕಿರಬಾರದು ಅನ್ನುವ ಯೋಚನೆಯಿಂದ, 1982ರ ನವೆಂಬರಿನಲ್ಲಿ ಕಾನ್ವೆಂಟಿನ ತೋಟದಲ್ಲಿ ಹೆಲೆನ್ ಹೌಸ್ ತೆರೆಯಿತು. ಅದನ್ನು ಜಗತ್ತಿನ ಮೊದಲ ಮಕ್ಕಳ ಹಾಸ್ಪಿಸ್ ಅಂತ ಗುರುತಿಸುತ್ತಾರೆ. ಹಾಸ್ಪಿಸ್ ಅಂದ ಕೂಡಲೇ ನಮಗೆ ಸಾವಿನ ಮನೆ ನೆನಪಾಗುತ್ತೆ. ಅಲ್ಲಿಗೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಕೆಲವು ದಿನ ಇದ್ದು ಮನೆಗೆ ವಾಪಸ್ ಹೋಗುತ್ತಿದ್ದರು. ಒಬ್ಬಳು ಗೆಳತಿ ಇನ್ನೊಬ್ಬಳಿಗೆ ಕೊಟ್ಟ ಬಿಡುವೇ ಸಂಸ್ಥೆಯಾದ ಕಥೆ ಇದು. ಇದರಲ್ಲಿ ಸರ್ಕಾರ ಎಲ್ಲೂ ಇಲ್ಲ, ಪೂರ್ತಿ ದಾನದ ದುಡ್ಡು. ಸರ್ಕಾರದ ದೊಡ್ಡ ಗಂಟು ಬಂದದ್ದು ತುಂಬಾ ತಡವಾಗಿ, 2007ರಲ್ಲಿ: ಪೋಷಕರ ಸಂಘಟನೆಗಳ ಒತ್ತಾಯದ ಮೇಲೆ ಅಂಗವಿಕಲ ಮಕ್ಕಳಿಗಾಗಿ 34 ಕೋಟಿ ಪೌಂಡ್ ಘೋಷಣೆಯಾಯಿತು, ಅದರಲ್ಲಿ 28 ಕೋಟಿ ಬರೀ ಇಂಥ ಬಿಡುವಿಗೆ.

ಈಗ ಆಸ್ಟ್ರೇಲಿಯಾಕ್ಕೆ ಬರೋಣ. ನನ್ನ ಪ್ರಕಾರ ಈ ಇತಿಹಾಸದ ಅತಿ ಕಷ್ಟದ ಪುಟ ಇಲ್ಲಿದೆ.

ಅಲ್ಲಿ ಮೊದಲಿದ್ದ ವ್ಯವಸ್ಥೆಯಲ್ಲಿ ಸರ್ಕಾರ ಸಂಸ್ಥೆಗಳಿಗೆ ಇಡುಗಂಟು ಕೊಡುತ್ತಿತ್ತು. ಸಂಸ್ಥೆ ಒಂದು ಮನೆ ನಡೆಸುತ್ತಿತ್ತು, ಮನೆಯಲ್ಲಿ ನಾಲ್ಕೋ ಐದೋ ಹಾಸಿಗೆ, ಕುಟುಂಬಗಳು ಸರದಿಯ ಮೇಲೆ ಬರುತ್ತಿದ್ದವು. ಶುಕ್ರವಾರ ಸಂಜೆ ಮಗನನ್ನು ಬಿಟ್ಟು, ಭಾನುವಾರ ಸಂಜೆ ಕರೆದುಕೊಂಡು ಹೋಗಬೇಕು. ಆದರೆ ಕೆಲವು ಭಾನುವಾರ ಯಾರೂ ಬರುತ್ತಿರಲಿಲ್ಲ.

ಹಾಗೆ ಬಿಟ್ಟುಹೋದವರು ಪ್ರೀತಿ ಇಲ್ಲದವರು ಅಂತ ಅವಸರದಲ್ಲಿ ತೀರ್ಮಾನ ಮಾಡುವುದು ಸುಲಭ. ಹದಿನೈದು ವರ್ಷದ ಮಗ ಅಪ್ಪನಿಗಿಂತ ಬಲಶಾಲಿಯಾಗಿ ಬೆಳೆದಿದ್ದಾನೆ, ಸಿಟ್ಟು ಬಂದರೆ ತಂಗಿಗೆ ಹೊಡೆಯುತ್ತಾನೆ, ಅಮ್ಮನ ಸೊಂಟ ಹೋಗಿದೆ. ಶಾಶ್ವತವಾಗಿ ಉಳಿಯುವ ಮನೆಗೆ ಅರ್ಜಿ ಹಾಕಿ ವರ್ಷಗಳಾಗಿವೆ, ತುರ್ತು ಪರಿಸ್ಥಿತಿ ಇದ್ದವರಿಗೇ ಮೊದಲ ಆದ್ಯತೆ ಅಂತ ಉತ್ತರ ಬರುತ್ತದೆ. ಹಾಗಾದರೆ ತುರ್ತು ಪರಿಸ್ಥಿತಿ ಅಂದರೆ ಏನು? ಮಗನಿಗೆ ಮನೆಯೇ ಇಲ್ಲದಿರುವುದು. ಕೆಲವು ತಂದೆತಾಯಿ ಆ ಪರಿಸ್ಥಿತಿಯನ್ನು ತಾವೇ ಸೃಷ್ಟಿಸಿದರು. ಅಲ್ಲಿನ ಇಂಗ್ಲಿಷಿನಲ್ಲಿ ಇದಕ್ಕೆ ಹೆಸರೂ ಇತ್ತು, ರಿಲಿಂಕ್ವಿಶ್‌ಮೆಂಟ್ ಅಂತ. ಒಪ್ಪಿಸಿಬಿಡುವುದು. ವಿಕ್ಟೋರಿಯಾ ರಾಜ್ಯದ ಮಾನವ ಹಕ್ಕುಗಳ ಆಯೋಗ 2012ರಲ್ಲಿ ಇದರ ಬಗ್ಗೆ ಒಂದು ಪೂರ್ತಿ ವರದಿಯನ್ನೇ ಪ್ರಕಟಿಸಿತು. ಬೇರೆ ಯಾವ ದಾರಿಯೂ ಉಳಿಯದೆ ಕುಟುಂಬಗಳು ಹೀಗೆ ಮಾಡಿದ್ದವು ಅನ್ನುವುದು ಅದರ ತಿರುಳು.

ಮುಂದಿನದು ಅದಕ್ಕಿಂತ ಕ್ರೂರ. ವಾಪಸ್ ಹೋಗದ ಹುಡುಗ ಆ ಹಾಸಿಗೆಯಲ್ಲೇ ತಿಂಗಳುಗಟ್ಟಲೆ ಉಳಿಯುತ್ತಾನೆ. ಅವನಿಗೆ ಅದು ಮನೆಯಲ್ಲ, ಪ್ರತಿ ವಾರಾಂತ್ಯ ಹೊಸ ಮುಖಗಳು ಬಂದುಹೋಗುವ ಲಾಡ್ಜು. ಅವನಿರುವ ಹಾಸಿಗೆಗೆ ಕಾಯುತ್ತಿದ್ದ ಹತ್ತಾರು ಕುಟುಂಬಗಳ ಸರದಿ ತಪ್ಪುತ್ತದೆ. ಸರದಿ ತಪ್ಪಿದ ಕುಟುಂಬದಲ್ಲಿ ಇನ್ನೊಬ್ಬ ಅಮ್ಮ ಕುಸಿಯುತ್ತಾಳೆ. ಅವಳೂ ಒಂದು ಭಾನುವಾರ ಬರುವುದಿಲ್ಲ. ಬಿಡುವು ಕಡಿಮೆಯಾದಷ್ಟೂ ಬಿಟ್ಟುಹೋಗುವುದು ಹೆಚ್ಚು. ಬಿಟ್ಟುಹೋಗುವುದು ಹೆಚ್ಚಾದಷ್ಟೂ ಬಿಡುವು ಕಡಿಮೆ. ಸಾಫ್ಟ್‌ವೇರ್ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಇದು ಡೆಡ್‌ಲಾಕ್.

ಅದೇ ಹೊತ್ತಿಗೆ ದೇಶದ ಮಟ್ಟದಲ್ಲಿ ಬೇರೆ ಚರ್ಚೆ ನಡೆದಿತ್ತು. 1974ರಲ್ಲೇ ವಿಟ್ಲಂ ಸರ್ಕಾರ ರಾಷ್ಟ್ರೀಯ ಪರಿಹಾರ ಯೋಜನೆಯೊಂದರ ಮಸೂದೆ ತಂದಿತ್ತು. ಮರುವರ್ಷ ಸರ್ಕಾರವೇ ವಜಾ ಆಗಿ ಅದು ಬಿದ್ದುಹೋಯಿತು. ಸುಮಾರು ನಾಲ್ಕು ದಶಕದ ನಂತರ, 2011ರಲ್ಲಿ, ಅಲ್ಲಿನ ಪ್ರೊಡಕ್ಟಿವಿಟಿ ಕಮಿಷನ್ (ಹೆಸರು ನೋಡಿ, ಮತ್ತೆ ಲೆಕ್ಕದವರೇ!) ಇಡೀ ವ್ಯವಸ್ಥೆ ಮುರಿದುಬಿದ್ದಿದೆ, ವಿಮೆಯ ರೀತಿಯಲ್ಲಿ ಹೊಸದು ಕಟ್ಟಿ ಅಂತ ಹೇಳಿತು. 2013ರಲ್ಲಿ ಕಾನೂನು ಪಾಸಾಯಿತು. ಅದಕ್ಕಾಗಿ ತೆರಿಗೆ ಏರಿಸುವ ಮಸೂದೆ ಮಂಡಿಸುವಾಗ ಪ್ರಧಾನಿ ಜೂಲಿಯಾ ಗಿಲಾರ್ಡ್ ಸಂಸತ್ತಿನಲ್ಲೇ ಕಣ್ಣೀರು ಹಾಕಿದರು. ಮೆಡಿಕೇರ್ ಲೆವಿ ಶೇ. 1.5ರಿಂದ 2ಕ್ಕೆ ಏರಿತು. ತೆರಿಗೆ ಏರಿಸಿದ್ದಕ್ಕೆ ಜನ ಗಲಾಟೆ ಮಾಡಲಿಲ್ಲ ಅನ್ನುವುದನ್ನು ನಾನು ಎರಡೆರಡು ಸಲ ಓದಿ ಖಚಿತ ಮಾಡಿಕೊಂಡೆ.

ಎನ್‌ಡಿಐಎಸ್ ಎಂಬ ಈ ಹೊಸ ಯೋಜನೆಯಲ್ಲಿ ದುಡ್ಡು ಸಂಸ್ಥೆಗೆ ಹೋಗುವುದಿಲ್ಲ, ವ್ಯಕ್ತಿಯ ಹೆಸರಿನ ಪ್ಲಾನಿಗೆ ಬರುತ್ತದೆ. ಅದರೊಳಗೆ ಅಲ್ಪಾವಧಿ ವಸತಿ ಅನ್ನುವ ಬಾಬ್ತು ಇದೆ. ನಾನು ಮೊದಲು ಹೇಳಿದ 28 ದಿನ ಇದೇ. 24 ಗಂಟೆಯ ಒಂದು ದರದಲ್ಲಿ ಸಿಬ್ಬಂದಿ, ಕೋಣೆ, ಊಟ, ಒಪ್ಪಿಕೊಂಡ ಚಟುವಟಿಕೆ ಎಲ್ಲವೂ ಸೇರುತ್ತವೆ. ಒಬ್ಬ ಸಹಾಯಕರನ್ನು ನಾಲ್ಕು ಜನ ಹಂಚಿಕೊಂಡರೆ ದರ ಕಡಿಮೆ. ಒಬ್ಬರಿಗೇ ಒಬ್ಬರು ಬೇಕಾದರೆ ದಿನಕ್ಕೆ ಸಾವಿರ ಡಾಲರ್ ಮೀರುತ್ತದೆ. ಭಾನುವಾರ, ಸಾರ್ವಜನಿಕ ರಜೆಯ ದಿನ ಇನ್ನೂ ಜಾಸ್ತಿ, ಯಾಕೆಂದರೆ ಅವತ್ತು ಸಿಬ್ಬಂದಿಯ ಸಂಬಳವೂ ಜಾಸ್ತಿ. ಕೆಲವರು ತಿಂಗಳಿಗೊಂದು ವಾರಾಂತ್ಯ ಅಂತ ಹಂಚಿಕೊಳ್ಳುತ್ತಾರೆ. ಹನ್ನೆರಡು ವಾರಾಂತ್ಯಕ್ಕೆ 24 ದಿನ ಹೋಗಿ ನಾಲ್ಕು ದಿನ ಕೈಯಲ್ಲಿ ಉಳಿಯುತ್ತದೆ. ಕೆಲವರು ಊರಿಗೆ ಹೋಗಲೆಂದು ಎರಡು ವಾರ ಒಟ್ಟಿಗೆ ತೆಗೆದಿಡುತ್ತಾರೆ.

ದುಡ್ಡು ಮಂಜೂರಾದರೆ ಕೆಲಸ ಮುಗಿಯಿತು ಅಂತಲ್ಲ. ಅಮ್ಮನ ತಲೆಯಲ್ಲಿ ಮಾತ್ರ ಇರುವುದನ್ನೆಲ್ಲ ಕಾಗದಕ್ಕೆ ಇಳಿಸಬೇಕು. ಯಾವ ಔಷಧ ಎಷ್ಟು ಗಂಟೆಗೆ, ಫಿಟ್ಸ್ ಬರುವ ಮುಂಚೆ ಮುಖ ಹೇಗಾಗುತ್ತದೆ, ಬೇಡ ಅನ್ನುವುದನ್ನು ಹೇಗೆ ತೋರಿಸುತ್ತಾನೆ, ಯಾವ ಲೋಟದಲ್ಲಿ ಕೊಟ್ಟರೆ ಕುಡಿಯುತ್ತಾನೆ. ಮೆಲ್ಬರ್ನಿನ ಕನ್ನಡದ ಮನೆಯಾದರೆ, ಮೊಸರನ್ನ ಎಷ್ಟು ಮೆತ್ತಗೆ ಕಲಸಬೇಕು ಅನ್ನುವುದೂ ಆ ಫಾರಂನಲ್ಲಿ ಬರಬೇಕಾಗುತ್ತೆ. ಒಳ್ಳೆಯ ಕೇಂದ್ರಗಳು ಮೊದಲು ಒಂದು ಮಧ್ಯಾಹ್ನ ಕರೆಸುತ್ತವೆ, ಆಮೇಲೆ ಒಂದು ರಾತ್ರಿ, ಆಮೇಲೆ ವಾರಾಂತ್ಯ.

ಸಮುದ್ರ ಕಾಣುವ ವಿಲ್ಲಾಗಳನ್ನು ಅಲ್ಪಾವಧಿ ವಸತಿ ಅಂತ ಮಾರುವ ಕಂಪನಿಗಳೂ ಹುಟ್ಟಿಕೊಂಡವು. ಪ್ರವಾಸದ ಖರ್ಚಿಗೆ ಈ ದುಡ್ಡು ಬಳಸುವಂತಿಲ್ಲ ಅಂತ 2024ರ ಅಕ್ಟೋಬರಿನಿಂದ ಕಾನೂನನ್ನೇ ಬಿಗಿ ಮಾಡಿದರು. ಆಲ್ಫ್ ಮಾರಿಸ್ 1970ರಲ್ಲಿ ಹಕ್ಕು ಅಂತ ಬರೆದ ರಜೆ ಇಲ್ಲಿ ದುರುಪಯೋಗದ ಪಟ್ಟಿ ಸೇರಿತು! ಅಂದಹಾಗೆ, ಆಸ್ಟ್ರೇಲಿಯಾಕ್ಕೆ ಹೊರಡುವ ಯೋಚನೆಯಲ್ಲಿರುವ ಗೆಳೆಯರಿಗೆ ಒಂದು ಮಾತು. ತಾತ್ಕಾಲಿಕ ಕೆಲಸದ ವೀಸಾದಲ್ಲಿರುವವರಿಗೆ ಎನ್‌ಡಿಐಎಸ್ ಇಲ್ಲ. ಅಷ್ಟೇ ಅಲ್ಲ, ಮಗುವಿನ ಅಂಗವೈಕಲ್ಯದ ಖರ್ಚು ನಿಗದಿತ ಮಿತಿ ಮೀರುತ್ತದೆ ಅಂತ ಇಡೀ ಕುಟುಂಬದ ಕಾಯಂ ವಾಸದ ಅರ್ಜಿ ತಿರಸ್ಕಾರವಾಗುವುದೂ ಉಂಟು. ಲೆಕ್ಕ ಎಂಬ ಕತ್ತಿಗೆ ಎರಡು ಅಲಗು.

ಜಗಳದ ವಿಷಯ ಬಾಕಿ ಇದೆ. ರೆಸ್ಪೈಟ್ ಅನ್ನುವ ಪದಕ್ಕೆ ಅಂಗವೈಕಲ್ಯ ಇರುವ ಅನೇಕರು ತಕರಾರು ಎತ್ತಿದರು. ಬಿಡುವು ಯಾರಿಂದ? ನನ್ನಿಂದ ತಾನೇ? ಹಾಗಾದರೆ ನಾನು ಹೊರೆ ಅಂತಾಯ್ತಲ್ಲ? ನ್ಯಾಯವಾದ ಪ್ರಶ್ನೆ. ಬ್ರಿಟನ್ನಿನಲ್ಲಿ ಪದವನ್ನು ಬದಲಿಸಿ ಶಾರ್ಟ್ ಬ್ರೇಕ್ ಅಂತ ಕರೆದರು, ಆ ವ್ಯಕ್ತಿಗೂ ಅದು ಬದಲಾವಣೆಯೇ ಅನ್ನುವ ಅರ್ಥದಲ್ಲಿ. 2006ರ ವಿಶ್ವಸಂಸ್ಥೆಯ ಒಪ್ಪಂದ ಮಾತ್ರ 28ನೇ ವಿಧಿಯಲ್ಲಿ ಹಳೆಯ ಪದವನ್ನೇ ಉಳಿಸಿಕೊಂಡಿತು: ಬಡತನದಲ್ಲಿರುವ ಅಂಗವಿಕಲರಿಗೂ ಅವರ ಕುಟುಂಬಗಳಿಗೂ ಸರ್ಕಾರದ ನೆರವು ಸಿಗಬೇಕು, ರೆಸ್ಪೈಟ್ ಕೂಡ ಅದರಲ್ಲಿ ಸೇರಿದೆ. ಪದದ ಜಗಳದಲ್ಲಿ ನಾನು ಆ ವ್ಯಕ್ತಿಯ ಪಕ್ಷ. ಆದರೆ ಹೊಸ ಪದ ಬಂದ ಮೇಲೂ ರಾತ್ರಿ ಮೂರು ಗಂಟೆಗೆ ಏಳುವವರು ಅವರೇ.

ಆ ಒಪ್ಪಂದಕ್ಕೆ ಭಾರತ 2007ರ ಅಕ್ಟೋಬರ್ 1ರಂದು ಅನುಮೋದನೆ ಕೊಟ್ಟಿತು. ನಮ್ಮ ಇತಿಹಾಸ ಮಾತ್ರ ಇವರೆಲ್ಲರಿಗಿಂತ ತಿರುವುಮುರುವು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಅವರು ರೋಗಿಗಳ ಜೊತೆ ಮನೆಯವರನ್ನೂ ಆವರಣದ ಡೇರೆಗಳಲ್ಲಿ ಉಳಿಸಿಕೊಂಡರು. 1957ರಲ್ಲಿ ಶುರುವಾದ ವೆಲ್ಲೂರಿನ ಮಾನಸಿಕ ಆರೋಗ್ಯ ಕೇಂದ್ರದಲ್ಲೂ ಕುಟುಂಬ ಜೊತೆಗಿರಬೇಕು. ಅಲ್ಲಿ ರೋಗಿಯನ್ನು ಕುಟುಂಬದಿಂದ ಬಿಡಿಸಿ ಕೂಡಿಹಾಕುತ್ತಿದ್ದ ಕಾಲದಲ್ಲಿ ಇದು ನಿಜವಾಗಿಯೂ ದೊಡ್ಡ ಹೆಜ್ಜೆ, ಜಗತ್ತು ಮೆಚ್ಚಿದ್ದು ಸುಮ್ಮನೆ ಅಲ್ಲ. ಆದರೆ ಅದರ ಇನ್ನೊಂದು ಮುಖ ನಮಗೆಲ್ಲ ಗೊತ್ತು. ಯಾವ ಆಸ್ಪತ್ರೆಗೆ ಹೋದರೂ ಮೊದಲ ಪ್ರಶ್ನೆ, ‘ಅಟೆಂಡರ್ ಯಾರು ಇರ್ತೀರಿ?’ ಕುಟುಂಬ ಇದ್ದೇ ಇರುತ್ತೆ ಅನ್ನುವ ನಂಬಿಕೆಯ ಮೇಲೆ ನಮ್ಮ ಇಡೀ ವ್ಯವಸ್ಥೆ ನಿಂತಿದೆ. ಆ ಕುಟುಂಬಕ್ಕೆ ಸಾಕಾಗಿ ಹೋದಾಗ ಏನಾಗುತ್ತೆ ಅಂತ 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಗೊತ್ತಾಯಿತು. ದರ್ಗಾದ ಬಳಿಯ ಗುಡಿಸಲಿನಂಥ ಖಾಸಗಿ ಆಶ್ರಯದಲ್ಲಿ ಮನೆಯವರು ಬಿಟ್ಟುಹೋಗಿದ್ದ ಮಾನಸಿಕ ಅಸ್ವಸ್ಥರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಬೆಂಕಿ ಬಿತ್ತು. 28 ಮಂದಿ ಸತ್ತರು.

ವಿಪರ್ಯಾಸ ಅಂದರೆ, ಅದಕ್ಕೆ ಎರಡು ವರ್ಷ ಮೊದಲೇ ನಮ್ಮ ಕಾನೂನಿನಲ್ಲಿ ರೆಸ್ಪೈಟ್ ಅನ್ನುವ ಪದ ಬಂದಾಗಿತ್ತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕಾಗಿ 1999ರ ಕೊನೆಯಲ್ಲಿ ಬಂದ ನ್ಯಾಷನಲ್ ಟ್ರಸ್ಟ್ ಕಾಯ್ದೆಯ 11ನೇ ಸೆಕ್ಷನ್ ಓದಿ. ಟ್ರಸ್ಟ್ ಹಣ ಕೊಡಬಹುದಾದ ಕಾರ್ಯಕ್ರಮಗಳಲ್ಲಿ ರೆಸ್ಪೈಟ್, ಪೋಷಕ ಕುಟುಂಬದ ಆರೈಕೆ, ಹಗಲಿನ ಆರೈಕೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೇಂದ್ರ ಸರ್ಕಾರ ಒಂದೇ ಸಲಕ್ಕೆ 100 ಕೋಟಿ ರೂಪಾಯಿ ಇಡುಗಂಟು ಕೊಡಬೇಕು, ಅದರ ಆದಾಯವನ್ನು ಬಳಸಬೇಕು ಅನ್ನುವುದೂ ಅದೇ ಸೆಕ್ಷನ್ನಿನಲ್ಲಿದೆ. ಮುಂದೆ ಸಮರ್ಥ್ ಎಂಬ ಯೋಜನೆಯಡಿ ನೋಂದಾಯಿತ ಸಂಸ್ಥೆಗಳು ನಡೆಸುವ ಕೇಂದ್ರಗಳಿಗೆ ಟ್ರಸ್ಟ್ ನೆರವು ಕೊಡತೊಡಗಿತು. ಅಂದರೆ ಮಾರ್ಗ ಇದೆ. ಆದರೆ ದುಡ್ಡು ಸಂಸ್ಥೆಗೆ ಹೋಗುತ್ತದೆ, ವ್ಯಕ್ತಿಯ ಹೆಸರಿಗೆ ಬರುವುದಿಲ್ಲ. ನಿಮ್ಮ ಊರಿನಲ್ಲಿ ಸಂಸ್ಥೆ ಇಲ್ಲದಿದ್ದರೆ ನಿಮ್ಮ ಪಾಲಿಗೆ ಯೋಜನೆಯೇ ಇಲ್ಲ. ಆಸ್ಟ್ರೇಲಿಯಾ 2013ರಲ್ಲಿ ಬಿಟ್ಟುಬಂದ ಮಾದರಿ ಇದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ, ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಅನ್ನುವ ಷರತ್ತಿನೊಂದಿಗೆ. ಆ ಷರತ್ತನ್ನು ಬರೆದವರು ತುಂಬ ಅನುಭವಸ್ಥರು.

ನಮ್ಮ ದಕ್ಷಿಣ ಕನ್ನಡದ ಕೊಕ್ಕಡ ಮತ್ತು ಕೊಯಿಲದಲ್ಲಿ, ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಪ್ರದೇಶದ ಸಂತ್ರಸ್ತರಿಗಾಗಿ ಹಗಲು ಪಾಲನಾ ಕೇಂದ್ರಗಳಾದವು. ಹೋರಾಟದ ನಂತರ ಸಿಕ್ಕಿದ್ದು. ಬೆಳಗ್ಗೆ ಮಕ್ಕಳು ಬರುತ್ತಾರೆ, ಊಟ, ಫಿಸಿಯೋಥೆರಪಿ, ಆಟ, ಸಂಜೆ ಮನೆಗೆ. ಆ ಮಕ್ಕಳಲ್ಲಿ ಅನೇಕರು ಈಗ ಮಕ್ಕಳಲ್ಲ, ದೊಡ್ಡವರು. ಅವರ ಅಪ್ಪ ಅಮ್ಮಂದಿರಿಗೆ ವಯಸ್ಸಾಗಿದೆ. ಹಗಲಿನದು ಸಾಲದು, ರಾತ್ರಿಯೂ ಉಳಿಯುವಂಥ ಪುನರ್ವಸತಿ ಕೇಂದ್ರ ಬೇಕು ಅಂತ ಅವರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ.